ನೀಲಕ್ಕನ ಗಾಂಧಾರ

ನೀಲಕ್ಕ, ನಿಮ್ಮ ಹಾರ್ಮೋನಿಯಂನ ಗಾಂಧಾರವನ್ನು ಒಡೆದವನು ನಾನು. ಇಷ್ಟು ವರ್ಷ ನೀವು ನಿಮ್ಮ ಎಡಗೈಯನ್ನು ಬೈದುಕೊಂಡಿರಿ, ನಾನು ಕೇಳುತ್ತ ಸುಮ್ಮನಿದ್ದೆ. ಎದುರಿಗೆ ಬಂದಾಗಲೆಲ್ಲ ನನ್ನ ಮಾತು ಮಳೆಗೋ, ತಡವಾದ ಬಸ್ಸಿಗೋ, ಶೇಂಗಾದ ದರಕ್ಕೋ ಜಾರಿಕೊಳ್ಳುತ್ತದೆ. ಅದಕ್ಕೇ ಮೊದಲು ಇಲ್ಲಿ ಬರೆಯುತ್ತಿದ್ದೇನೆ.

ಕುಂದಗೋಳದಲ್ಲಿ ಸಂಗೀತ ಕೇಳುವವರಿಗೆ ಬರವಿಲ್ಲ. ಆದರೆ ನನ್ನದನ್ನು ಕೇಳಿದವರು ನೀವೊಬ್ಬರೇ. ಬಸ್ ನಿಲ್ದಾಣದ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವವನು ಅಂಗಡಿಯ ಮೇಲಿನ ಕೋಣೆಯಲ್ಲಿ ವೈರುಗಳ ನಡುವೆ ಕೂತು, ಕರೆಂಟಿನಿಂದ ಸ್ವರ ಹುಟ್ಟಿಸುವ ಮಾಡ್ಯುಲರ್ ಸಿಂಥಸೈಜರ್ ನುಡಿಸುತ್ತಾನೆಂದರೆ ಜನ ನಗದೆ ಇನ್ನೇನು ಮಾಡಿಯಾರು? ನಮ್ಮಣ್ಣ ಅದಕ್ಕೆ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟಿದ್ದ. ನೀವು ಮಾತ್ರ ಸೋಮವಾರ ಮಠದ ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸಿ, ಮನೆಗೆ ಹೋಗುವ ದಾರಿಯಲ್ಲಿ ಮೆಟ್ಟಿಲು ಹತ್ತಿ ಬಂದು, ಮೊಣಕಾಲು ತಿಕ್ಕಿಕೊಳ್ಳುತ್ತ ಕೂತು ಕೇಳುತ್ತಿದ್ದಿರಿ.

“ಎಲ್ಲಾ ಛಲೋ ಐತಿ, ಇದರಾಗ ಉಸಿರಿಲ್ಲಲ್ಲೋ ತಮ್ಮಾ,” ಎಂದಿರಿ ಒಮ್ಮೆ.

ಆ ಉಸಿರಿಗಾಗಿಯೇ ನಿಮ್ಮ ಪೇಟಿಯನ್ನು ಎರವಲು ಕೇಳಿದೆ. ಯಾರಿಗೂ ಮುಟ್ಟಲು ಕೊಡದವರು ನನಗೆ ಕೊಟ್ಟಿರಿ. “ಒಯ್ಯಿ. ಜೋರ್ ಒತ್ತಬ್ಯಾಡ ಮತ್ತ, ಹಳೇದೈತಿ.” ಆಗಷ್ಟೇ ನೀವು ಸಣ್ಣ ಲಕ್ವಾದಿಂದ ಚೇತರಿಸಿಕೊಂಡಿದ್ದಿರಿ. ಎಡಗೈ ಸರಿಹೋಗಿದೆ ಎಂದು ಡಾಕ್ಟರು ಹೇಳಿದ್ದರೂ ನಿಮಗೆ ನಂಬಿಕೆ ಬಂದಿರಲಿಲ್ಲ. ತಿದಿ ಒತ್ತುವ ಕೈ ಅದು — ಎಷ್ಟು ಬಿಗಿಯಾಗಿ ಒತ್ತುತ್ತಿದೆಯೋ ನಿಮಗೇ ತಿಳಿಯುವುದಿಲ್ಲ ಎನ್ನುತ್ತಿದ್ದಿರಿ.

ಬೇರೆ ವಾದ್ಯದ ದನಿಯನ್ನು ನುಡಿಸುವ ಸ್ಯಾಂಪಲ್ ಪ್ಲೇಯರ್ ಎಂಬ ನನ್ನ ಯಂತ್ರಕ್ಕೆ ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಕೊಡಬೇಕು. ಅದೇ ಸ್ವರ ಮೆತ್ತಗೆ ಒಮ್ಮೆ, ನಡುವಣ ಬಲದಲ್ಲಿ ಒಮ್ಮೆ, ಜೋರಾಗಿ ಒಮ್ಮೆ. ಆಮೇಲೆ ಯಾವ ಕೀಗೆ, ಎಷ್ಟು ಬಲಕ್ಕೆ, ಯಾವ ರೆಕಾರ್ಡು ಎಂದು ಒಂದೊಂದನ್ನೇ ಅದರ ಜಾಗದಲ್ಲಿ ಕೂರಿಸಬೇಕು. ಮೆತ್ತಗಿನವು ಮುಗಿದವು, ನಡುವಿನವು ಮುಗಿದವು. ಜೋರಿನವು ಮಾತ್ರ ಎಷ್ಟು ಜೋರಾದರೂ ನನಗೆ ಸಾಲಲಿಲ್ಲ. ಪೇಟಿಯಲ್ಲಿ ಜೋರು ಬರುವುದು ತಿದಿಯಿಂದ — ಕೀ ಮೇಲೆ ಹಳೆಯದೊಂದು ಚಾರ್ಜರ್ ಹೇರಿ, ಎರಡೂ ಕೈ ಹಚ್ಚಿ ತಿದಿ ಒತ್ತಿದೆ. ಗಾಂಧಾರಕ್ಕೆ ಬಂದಾಗ ಒಳಗೆ ಟಪ್ ಎಂದಿತು. ಸ್ವರ ಹೊರಡಿಸುವ, ಹಿತ್ತಾಳೆಯ ಆ ತೆಳ್ಳನೆಯ ರೀಡ್ ಸೀಳಿತ್ತು. ಆಮೇಲೆ ಬಂದದ್ದು ಬರೀ ಗಾಳಿ.

ನನ್ನ ಯಂತ್ರಕ್ಕೇನೂ ಕೊರತೆಯಾಗಲಿಲ್ಲ. ಜೋರಿನ ಗಾಂಧಾರ ಇರಬೇಕಾದಲ್ಲಿ ಪಕ್ಕದ ಮಧ್ಯಮವನ್ನೇ ಅರ್ಧ ಸ್ವರ ಇಳಿಸಿ ಕೂರಿಸಿದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಜಾಣತನಕ್ಕೆ ಒಳಗೊಳಗೇ ಹೆಮ್ಮೆಪಟ್ಟೆ — ಹೇಳಲು ನಾಚಿಕೆ, ಆದರೂ ನಿಜ. ಪೇಟಿಯ ಧೂಳು ಒರೆಸಿ, ಬಟ್ಟೆ ಸುತ್ತಿ, ನಿಮ್ಮ ಮನೆಗೆ ತಂದಿಟ್ಟೆ. ನೀವು ಚಹಾ ಕೊಟ್ಟಿರಿ. ಕುಡಿದು ಎದ್ದು ಬಂದೆ.

ಸೋಮವಾರ ಮಠದಲ್ಲಿ, ಎಲ್ಲರ ಮುಂದೆ, ನಿಮ್ಮ ಬೆರಳ ಕೆಳಗೆ ಗಾಂಧಾರ ಬುಸ್ ಎಂದಿತು. ಹಾಡು ನಿಂತಿತು. ನೀವು ಭಜನೆ ಕೇಳುತ್ತ ಕೂತಿದ್ದ ನನ್ನ ಕಡೆ ತಿರುಗಿದಿರಿ.

“ನೀ ನುಡಿಸಿದಾಗ ಛಲೋ ಇತ್ತಲ್ಲೋ ತಮ್ಮಾ?”

“ಛಲೋ ಇತ್ರೀ ಅಕ್ಕಾ.”

“ಹಂಗಾರ ನಾನ ಜೋರ್ ಒತ್ತಿದ್ನೇನೋ. ಈ ಕೈ ನನ್ನ ಮಾತು ಕೇಳವಲ್ದು.”

ಆಗಲಾದರೂ — ಒಂದು ಮಾತು ಸಾಕಿತ್ತು —

“ಇರಬಹುದ್ರೀ,” ಎಂದೆ.

ರೀಡ್ ಒಡೆದದ್ದು ಆತುರದಿಂದ. ಇದನ್ನು ಹೇಳಿದ್ದು ತಿಳಿದೂ ತಿಳಿದೂ. ನೀವು ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಿರಿ. ಪೇಟಿ ಮುಚ್ಚಿದಿರಿ. ಅಂದಿನಿಂದ ಮಠಕ್ಕೂ ಹೋಗಲಿಲ್ಲ, ನನ್ನ ಮೆಟ್ಟಿಲೂ ಹತ್ತಲಿಲ್ಲ. ನಾನು ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ನಿಮ್ಮ ಪೇಟಿಯನ್ನು ನನ್ನ ಯಂತ್ರದಲ್ಲಿ ನುಡಿಸಿದೆ. ಎಲ್ಲ ಸ್ವರಗಳೂ ಸರಿಯಾಗಿದ್ದವು. ಕೇಳಲು ಯಾರೂ ಇರಲಿಲ್ಲ, ಕೆಲ ದಿನಗಳಲ್ಲಿ ನನಗೂ ಕೇಳಲಾಗಲಿಲ್ಲ.

ಪೇಟಿಯೊಂದನ್ನೇ ಬಿಟ್ಟಿದ್ದೀರಿ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ. ನಿಮ್ಮ ಮಗಳು ಗಿರಿಜಾ ಬಾಣಂತನಕ್ಕೆ ಬಂದಾಗ, ಅವಳ ಫೋನು ರಿಪೇರಿ ಮಾಡಿ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದೆ. ಅವಳು ಕೂಸನ್ನು ನಿಮ್ಮತ್ತ ಚಾಚಿದಳು. ನೀವು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹಿಂದೆ ಸರಿದಿರಿ.

“ಬ್ಯಾಡವಾ, ಈ ಕೈ ನಂಬಬ್ಯಾಡ. ಪೇಟಿ ಒಡದ ಕೈ ಇದು.”

ಗಿರಿಜಾ ಮೊದಲು ನಕ್ಕಳು, ಆಮೇಲೆ ಒತ್ತಾಯಿಸಿದಳು, ಕೊನೆಗೆ ಅತ್ತಳು. ನಾನು ಫೋನನ್ನು ಕಿಟಕಿಯ ಮೇಲಿಟ್ಟು ಬಂದುಬಿಟ್ಟೆ.

ನಿಮ್ಮನ್ನು ಕಳೆದುಕೊಳ್ಳುವ ಭಯದಿಂದ ಸುಳ್ಳು ಹೇಳಿದೆ ಎನ್ನಬಹುದಿತ್ತು. ಎನ್ನುವುದಿಲ್ಲ. ಆ ಭಯ ನನ್ನದು, ಅದರ ಭಾರ ಹೊತ್ತವರು ನೀವು.

ನಾಳೆ ಬೆಳಿಗ್ಗೆ ಬರುತ್ತೇನೆ. ಗಿರಿಜಾ ಊರಲ್ಲೇ ಇದ್ದಾಳೆ, ಅವಳ ಮುಂದೆಯೇ ಹೇಳುತ್ತೇನೆ. ಬೈಯಿರಿ, ಒಳಗೆ ಕರೆಯಬೇಡಿ, ನಿಮ್ಮ ಇಷ್ಟ. ಪೇಟಿಯನ್ನು ಹುಬ್ಬಳ್ಳಿಗೆ ಒಯ್ದು ಹೊಸ ರೀಡ್ ಹಾಕಿಸಿ ತರುತ್ತೇನೆ, ಅದೇನೂ ದೊಡ್ಡ ಕೆಲಸವಲ್ಲ. ಆದರೆ ನಿನ್ನೆ ಸಂಜೆ ಅಂದಿನ ಆ ಕೂಸು, ನಿಮ್ಮ ಮೊಮ್ಮಗಳು, ಓಣಿಯಲ್ಲಿ ಓಡುತ್ತ ಬಿದ್ದುದನ್ನು ಅಂಗಡಿಗೆ ಹೋಗುವಾಗ ನೋಡಿದೆ. ನೀವು ಅಲ್ಲೇ, ನಾಲ್ಕು ಮಾರು ದೂರದಲ್ಲಿ, ಕಟ್ಟೆಯ ಮೇಲೆ ಕೂತಿದ್ದಿರಿ. ಮಗು ಅಳುತ್ತ ಎದ್ದು, ನಿಮ್ಮನ್ನು ದಾಟಿಕೊಂಡು, ಅವ್ವನನ್ನು ಹುಡುಕುತ್ತ ಒಳಗೆ ಹೋಯಿತು. ಅಜ್ಜಿ ಎತ್ತಿಕೊಳ್ಳುವುದಿಲ್ಲ ಎಂಬುದು ಅದಕ್ಕೆ ರೂಢಿಯಾಗಿಬಿಟ್ಟಿದೆ.