ಮೈಕಿನ ವಾಯರು ಹೊಸೆದ ದಿನ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನನ್ನ ಬೆರಳುಗಳ ಬಗ್ಗೆ ನನಗೆ ಭಾರಿ ಜಂಬವಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಸೀರೆ ನೇಯುತ್ತಿದ್ದ. ಮಗ್ಗದಲ್ಲಿ ಎಳೆ ಕಡಿದರೆ ಬೆರಳಿಗೆ ಬೂದಿ ಒರೆಸಿಕೊಂಡು ಹೊಸೆದು ಕೂಡಿಸುವವಳು ನಾನೇ. ಒಂದು ಎಳೆಯೂ ಹೊರಗುಳಿಯಬಾರದು, ಗಂಟು ಕೈಗೆ ಹತ್ತಬಾರದು.

ಅವ್ವ ನೂಲಿನ ಕಂಡಿಕೆ ಸುತ್ತುತ್ತ ಹಾಡುತ್ತಿದ್ದಳು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಕೇಳುತ್ತಿದ್ದರು. ಅವಳ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆದ ಮೇಲೆ ದನಿ ಉಳಿಯುವುದು ಕಷ್ಟ ಎಂದರು ಹುಬ್ಬಳ್ಳಿಯ ಡಾಕ್ಟರು. ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೊರಡುವ ದಿನ ಅಪ್ಪ ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದ. ಅವ್ವನ ಹಾಡನ್ನು ಹಿಡಿದಿಡಬೇಕಿತ್ತು. ನೋಡಿದರೆ ಮೈಕಿನ ವಾಯರನ್ನು ಇಲಿ ಕಡಿದಿದೆ. ಅಂದು ಅಮಾವಾಸ್ಯೆ, ರೇಡಿಯೋ ರಿಪೇರಿ ಅಂಗಡಿ ಮುಚ್ಚಿತ್ತು.

“ದಿನಾ ಎಷ್ಟ ಎಳಿ ಹಚ್ತೇನಿ, ಇದೇನ ದೊಡ್ಡದು? ಕೊಡಪಾ ಇಲ್ಲೆ,” ಎಂದೆ.

ವಾಯರಿನ ನಡುವೆ ಕೆಂಪು ಹೊದಿಕೆಯ ಒಂದು ತಂತಿ, ಅದರ ಸುತ್ತ ಕೂದಲಿನಂಥ ತಾಮ್ರದ ಎಳೆಗಳು. ನಾನು ಹೊದಿಕೆ ಸುಲಿದು, ಒಂದೂ ಹೊರಗುಳಿಯದಂತೆ ಎಲ್ಲವನ್ನೂ ಸೇರಿಸಿ ಹೊಸೆದೆ. ಅಪ್ಪ ಬೆರಳಾಡಿಸಿ ನೋಡಿ, “ಗಂಟ ಗೊತ್ತ ಆಗೂದಿಲ್ಲ ನೋಡು. ಭಾಳ ಶಾಣ್ಯಾಕಿ,” ಎಂದ. ನಾನು ಉಬ್ಬಿಹೋದೆ.

ನೂಲಿಗೆ ಹಚ್ಚುವ ಗಂಜಿಯ ವಾಸನೆಯ ಮಗ್ಗದ ಕೋಣೆಯಲ್ಲಿ ಅವ್ವ ನೋವು ನುಂಗಿಕೊಂಡು ಎರಡು ಹಾಡು ಹಾಡಿದಳು. ಜೋಗುಳ ಹಾಡುವಾಗ ನನ್ನನ್ನೇ ನೋಡುತ್ತಿದ್ದಳು. ಟೇಪು ತಿರುಗುತ್ತಿತ್ತು. ಹಾಕಿ ಕೇಳಲು ಪುರುಸೊತ್ತಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಅಪ್ಪ, ಅವ್ವ ಹೋದ ಮೇಲೆ ಅಕ್ಕ ಮತ್ತು ನಾನು ಟೇಪು ಹಾಕಿದೆವು. ಬರೀ ಸುಂಯ್ ಎನ್ನುವ ಸದ್ದು. ತಿರುಗಿಸಿ ಹಾಕಿದರೂ ಅದೇ. ಮರುದಿನ ರಿಪೇರಿಯವ ನಾನು ಹೊಸೆದದ್ದನ್ನು ಬಿಚ್ಚಿ, “ಯಾರವ್ವಾ ಇದನ್ನ ಹಚ್ಚಿದಾಕಿ? ನಡುವಿನ ತಂತಿಗೆ ಸುತ್ತಲಿನ ಎಳಿ ತಾಗಿದ್ರ ದನಿ ಬರೂದಿಲ್ಲ. ಬ್ಯಾರೆ ಬ್ಯಾರೆ ಹಚ್ಚಬೇಕು,” ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಅವ್ವ ಬದುಕಿ ಬಂದಳು, ದನಿ ಬರಲಿಲ್ಲ. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವಳು ನನ್ನ ತಲೆ ಸವರುತ್ತ ಏನೋ ಹೇಳಲು ಬಾಯಿ ತೆರೆದಳು. ಬರೀ ಉಸಿರು ಬಂತು.

ಮೊನ್ನೆ ನಿಮ್ಮಲ್ಲೊಬ್ಬ ಫೋನಿನಲ್ಲಿ ವಿಡಿಯೋ ನೋಡಿಕೊಂಡೇ ಇಯರ್‌ಫೋನಿಗೆ ಬೆಸುಗೆ ಹಾಕಿ, ಒಂದಕ್ಕೊಂದು ತಾಗದಂತೆ ತಂತಿಗಳಿಗೆ ಬೇರೆ ಬೇರೆ ಅಂಟುಪಟ್ಟಿ ಸುತ್ತಿದ. ನಿಮಗೆ ಕಲಿಸುವವರು ಜೇಬಿನಲ್ಲೇ ಇದ್ದಾರೆ. ನಿಮ್ಮವ್ವ ನಕ್ಕದ್ದು, ಬೈದದ್ದು ಎಲ್ಲವೂ ಫೋನಿನಲ್ಲಿವೆ. ಜಾಗ ಸಾಲದಾದರೆ ಅಳಿಸಿಯೂ ಬಿಡುತ್ತೀರಿ. ಆ ಜೋಗುಳದ ಮಾತೆಲ್ಲ ನನಗೆ ಇಂದಿಗೂ ಬಾಯಿಪಾಠ. ಅವ್ವನ ದನಿ ಹೇಗಿತ್ತೆಂಬುದು ಮಾತ್ರ ಮರೆತುಹೋಗಿದೆ.