ಅಜ್ಜಿಯರ ಕಾಲಿಗೆ ತಕ್ಕ ಮೆಟ್ಟಿಲು

ಬಿಸಿಲು ಇನ್ನೂ ಬಂಡೆಯ ನೆತ್ತಿಗಷ್ಟೇ ತಾಗಿದೆ. ಕೆಳಗೆ ನೆರಳಲ್ಲಿ ಮೆಲ್ವಿನಾ ಸರಾಸಿನೊ ಕೆಂಪು ಮಣ್ಣು ಕಲಸುತ್ತಿದ್ದಾರೆ. ಹದಕ್ಕೆ ಬಂದದ್ದನ್ನು ಪೂರ್ವಿಕರ ಕಲ್ಲುಗೋಡೆಯ ಬಿರುಕಿಗೆ ಹೆಬ್ಬೆರಳಿನಿಂದ ಒತ್ತುತ್ತಾರೆ.

"ಕರಣೆ ಗಿರಣೆ ಬೇಡ. ಇಲ್ಲಿ ಹಳೇ ಬೆರಳಚ್ಚು ಇದಾವೆ ನೋಡಿ, ನಮ್ಮ ಮುತ್ತಜ್ಜಿಯರದ್ದು. ಪಕ್ಕದಲ್ಲಿ ನಂದೂ ಒಂದಿರ್ಲಿ" ಎಂದು ನಗುತ್ತಾರೆ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೂಲನಿವಾಸಿಗಳು ನೆಲೆಸಿರುವ ಲಗೂನಾ ಪ್ವೆಬ್ಲೊ ಇವರ ಊರು. ಮರುಭೂಮಿಯ ಈ ಪಾಳುಮನೆಗಳ ಗೋಡೆ ಕಾಯಲು ನಿಂತು ಇಪ್ಪತ್ತು ವರ್ಷ ದಾಟಿದೆ. ಬೆನ್ನು ಹಿಡಿದು ಮಲಗಿದ್ದುಂಟು. ಬಕೆಟ್ಟಿಗೆ ಕೈ ಹಾಕಿದರೆ ಒಳಗೆ ವಿಷದ ಗಿಲಕಿ ಹಾವು ಸುತ್ತಿಕೊಂಡಿದ್ದುಂಟು. "ಅದಕ್ಕೂ ತಂಪು ಬೇಕಲ್ವಾ ಪಾಪ!"

ಹೋದ ವರ್ಷದ ಪ್ರವಾಹ, ಮೇಲೆ ಪೂರ್ವಿಕರು ಬರೆದ ಬಂಡೆಚಿತ್ರಗಳಿಗೆ ಹತ್ತುವ ದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ಬೇಲಿ ಹಾಕೋಣ, ಜನ ಕೆಳಗಿನಿಂದ ದುರ್ಬೀನಿನಲ್ಲಿ ನೋಡಲಿ ಅಂದರು ಈ ಜಾಗ ನೋಡಿಕೊಳ್ಳುವ ಕಚೇರಿಯವರು. ಸುದ್ದಿ ಕೇಳಿ ಮೆಲ್ವಿನಾರ ಎಂಬತ್ತು ದಾಟಿದ ಚಿಕ್ಕಮ್ಮ ಯುಸೇಬಿಯಾ ಕೆರಳಿದರು: "ದುರ್ಬೀನಿನಲ್ಲಿ ನೋಡೋಕೆ ನಮ್ಮ ಹಿರೀಕರೇನು ಚಂದ್ರನ ಮೇಲಿದಾರಾ? ನಮ್ಮನೆಯವರು ಕಣೇ!"

ಮೆಲ್ವಿನಾ ಕಚೇರಿಗೆ ಹೋಗಿ ಕೂತರು. ಒಂದು ಬೇಸಿಗೆ ಕೊಡಿ, ದಾರಿ ಕಟ್ಟುತ್ತೇನೆ ಅಂದರು. ಒಪ್ಪಿಸಿಯೇ ಎದ್ದರು.

ಒಂದೊಂದು ಮೆಟ್ಟಿಲೂ ಗೇಣಿಗಿಂತ ಗಿಡ್ಡ. ಅದನ್ನು ಕಂಡು ಜೊತೆಯ ಗಾರೆಯವನು ಡೆಲ್ಬರ್ಟ್ ಕಿಚಾಯಿಸಿದ: "ಏನಕ್ಕಾ, ಕೋಳಿಮರಿಗೆ ಕಟ್ತಿದೀಯಾ?"

"ನಿಮ್ಮಮ್ಮಂಗೆ ಕಣೋ!"

ಮರುದಿನದಿಂದ ಅವನೇ ಬಂದು ಕಲ್ಲು ಹೊತ್ತ.

ಶರತ್ಕಾಲದಲ್ಲಿ ಊರಿನ ಅಜ್ಜಿಯರೆಲ್ಲ ಬಂದರು. ಕುರ್ಚಿಯಲ್ಲಿ ಎತ್ತಿಕೊಂಡು ಹೋಗ್ತೀವಿ ಅಂದ ಗಂಡಸರಿಗೆ ಯುಸೇಬಿಯಾ ಊರುಗೋಲು ತೋರಿಸಿದರು. ಹತ್ತಿದರು, ನಿಂತರು, ಗಾಳಿಯನ್ನು ಬೈದರು, ಮತ್ತೆ ಹತ್ತಿದರು. ಮೇಲೆ ಬಂಡೆಯ ಚಿತ್ರದಲ್ಲಿ ಅವರ ಕುಲದ ಗುರುತಾದ ಗಿಣಿ ಕೂತಿದೆ. ಯುಸೇಬಿಯಾ ಅದರ ಮುಂದೆ ಕಾಣಿಕೆಯೆಂದು ಮೆಕ್ಕೆಜೋಳದ ಹಿಟ್ಟು ಚೆಲ್ಲಿ, "ಬಂದ್ವಿ. ತಡ ಆಯ್ತು, ದಾರಿ ಇರ್ಲಿಲ್ಲ" ಅಂದರು. ಆಮೇಲೆ ಕಣ್ಣು ಕಿರಿದು ಮಾಡಿ, "ಈ ಗಿಣಿ ಆಗ ದೊಡ್ಡದಿತ್ತಲ್ಲೇ!"

"ಆಗ ನೀನು ಗಿಡ್ಡಕ್ಕಿದ್ದೆ!" ಅಂದರು ಡೆಲ್ಬರ್ಟನ ತಾಯಿ. ಕಣಿವೆ ತುಂಬ ನಗು.

ಕೆಳಗೆ ಒಲೆರೊಟ್ಟಿ, ಹಸಿಮೆಣಸಿನಕಾಯಿ ಸಾರು ಕಾದಿದ್ದವು.

ನಿಮಗೊಂದು ಸನ್ಮಾನ ಆಗಬೇಕಲ್ಲವೇ ಎಂದರೆ ಮೆಲ್ವಿನಾ ಮಣ್ಣಿನ ಕೈ ಝಾಡಿಸುತ್ತಾರೆ. "ಅದೆಲ್ಲ ಬೇಡ. ಅವತ್ತು ಇಳಿಯುವಾಗ ನಮ್ಮ ಚಿಕ್ಕಮ್ಮ ಯಾರ ಕೈಯನ್ನೂ ಹಿಡೀಲಿಲ್ಲ. ಅದನ್ನ ಮಾತ್ರ ಮರೀದೆ ಬರೀರಿ."