ನಿವೃತ್ತರ ಹೆಸರಲ್ಲಿ ನಲವತ್ತೆರಡು ಜಾಬ್

2022ರಲ್ಲಿ ನಾನು ಕಡೂರಿನ ಒಂದು ಖಾಸಗಿ ಪಶುಸೇವಾ ಸಂಸ್ಥೆಯಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹಸು ಬೆದೆಗೆ ಬಂದರೆ ರೈತರು ಫೋನ್ ಮಾಡಿ ಹೆಸರು ಬರೆಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಸರ್ವರ್‌ನಲ್ಲಿ ತಾವಾಗಿ ಓಡುವ ‘ಜಾಬ್’ ಎಂಬ ನಲವತ್ತೆರಡು ಪುಟ್ಟ ಪ್ರೋಗ್ರಾಂಗಳು ಆ ಪಟ್ಟಿಯನ್ನು ಕಡೂರು, ತರೀಕೆರೆ, ಅಜ್ಜಂಪುರದ ತಂತ್ರಜ್ಞರ ಮೊಬೈಲಿಗೆ ಕಳಿಸುತ್ತಿದ್ದವು. ಅವರು ಬೈಕಿನಲ್ಲಿ ಹೋಗಿ ಕೃತಕ ಗರ್ಭಧಾರಣೆ ಮಾಡಿ ಬರುತ್ತಿದ್ದರು. ಬೆದೆ ಇರುವುದು ಹೆಚ್ಚೆಂದರೆ ಒಂದು ದಿನ. ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು.

ಒಂದು ಶುಕ್ರವಾರ ನನ್ನ ಹಿರಿಯ ಸಹೋದ್ಯೋಗಿ ಸಿದ್ದಲಿಂಗಪ್ಪನವರು ನಿವೃತ್ತರಾದರು. ಹಾರ, ಶಾಲು, ಹೋಳಿಗೆ ಊಟ ಎಲ್ಲ ಆಯಿತು. ನಿಯಮದಂತೆ ಸಂಜೆ ಅವರ ಲಾಗಿನ್ ಮುಚ್ಚಿದೆ. ಶನಿವಾರ ಪಟ್ಟಿ ಹೋಗಲೇ ಇಲ್ಲ.

ಏಳು ಗಂಟೆಗೆ ಪಂಚನಹಳ್ಳಿಯ ಜಯಮ್ಮನವರ ಫೋನ್ ಬಂತು. ಎರಡು ಸಲ ಗಬ್ಬ ನಿಲ್ಲದ ಅವರ ಹಸು ಮತ್ತೆ ಬೆದೆಗೆ ಬಂದಿತ್ತು. ಈ ಸಲ ತಪ್ಪಿದರೆ ಮಾರಿಬಿಡುವುದೆಂದು ಯಜಮಾನರು ಹಠ ಹಿಡಿದಿದ್ದರು. ಜಯಮ್ಮನಿಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

“ನಿಮ್ ಕಂಪ್ಯೂಟ್ರು ಕಾಯ್ಬೋದು ಕಣ್ರೀ, ನಮ್ ಹಸ ಕಾಯಲ್ಲ!”

ಕಚೇರಿಗೆ ಓಡಿದೆ. ಮೊದಲು ತಂತ್ರಜ್ಞ ಯೋಗೀಶನನ್ನು ಪಂಚನಹಳ್ಳಿಗೆ ಅಟ್ಟಿ, ಉಳಿದ ಹೆಸರುಗಳನ್ನು ಎಲ್ಲರಿಗೂ ಫೋನಿನಲ್ಲೇ ಓದಿ ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಜಯಮ್ಮನ ಹಸು ಗಬ್ಬ ನಿಂತಿತು. ಓದುಗರನ್ನು ಕಾಯಿಸದೆ ಈಗಲೇ ಹೇಳಿಬಿಡುತ್ತೇನೆ.

ಆಮೇಲೆ ದೋಷ ಹುಡುಕಿದೆ. ಫೈಲ್ ಬರೆಯಲು, ಸಂದೇಶ ಕಳಿಸಲು ಜಾಬ್‌ಗೆ ಯಾರದಾದರೂ ಅಧಿಕಾರ ಬೇಕು. ಹಾಗೆ ಪರವಾಗಿ ನಿಲ್ಲುವ ಖಾತೆಗೆ ಪ್ರಾಕ್ಸಿ ಎನ್ನುತ್ತಾರೆ. ನಮ್ಮ ನಲವತ್ತೆರಡು ಜಾಬ್‌ಗಳಿಗೂ ಪ್ರಾಕ್ಸಿಯಾಗಿ ನಿಂತಿದ್ದು ಸಿದ್ದಲಿಂಗಪ್ಪನವರ ಸ್ವಂತ ಲಾಗಿನ್. ಅದನ್ನು ಕಿತ್ತು ನನ್ನದನ್ನು ಹಾಕಿದೆ, ಎಲ್ಲವೂ ಓಡಿದವು. ಜಂಬದಿಂದ ಅವರಿಗೇ ಫೋನ್ ಮಾಡಿ ಹೇಳಿಕೊಂಡೆ.

ಅವರು ನಕ್ಕುಬಿಟ್ಟರು. “ನಾನೂ ಹಿಂಗೇ ಮಾಡಿದ್ದು ಕಣಮ್ಮ. ಒಂದಿನದ ಮಟ್ಟಿಗೆ ಅಂತ ನನ್ ಹೆಸ್ರು ಹಾಕ್ದೆ. ಹನ್ನೊಂದ್ ವರ್ಷ ಆಗೋಯ್ತು!”

ನಾಚಿಕೆಯಾಯಿತು. ಅಂದೇ ಯಾವ ವ್ಯಕ್ತಿಗೂ ಸೇರದ, ಪಟ್ಟಿ ಓದಿ ಕಳಿಸುವಷ್ಟೇ ಅಧಿಕಾರವಿರುವ ಹೊಸ ಖಾತೆ ಮಾಡಿದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೊಟ್ಟಿಗೆ ಕೀಲಿ ಕೊಡುತ್ತೇವೆ, ಬೀರುವಿನದಲ್ಲ, ಇದೂ ಹಾಗೆಯೇ. ನಲವತ್ತೆರಡನ್ನೂ ಕೈಯಲ್ಲಿ ಬದಲಿಸಿದರೆ ಒಂದಾದರೂ ತಪ್ಪುತ್ತದೆಂದು ಸ್ಕ್ರಿಪ್ಟ್ ಬರೆದೆ. ಅದು ಪ್ರತಿ ಜಾಬ್ ತೆರೆದು, ವ್ಯಕ್ತಿಯ ಹೆಸರಿದ್ದರೆ ತೆಗೆದು, ಹೊಸ ಪ್ರಾಕ್ಸಿಗೆ ಸೇರಿಸಿತು. ಓಡಿಸಿ ನೋಡಿದಾಗ ಅಜ್ಜಂಪುರದ ಮೂರು ಜಾಬ್ ಕೈಕೊಟ್ಟವು. ಅಲ್ಲಿನ ಫೋಲ್ಡರ್‌ಗೆ ಅನುಮತಿ ಕೊಡಲು ನಾನೇ ಮರೆತಿದ್ದೆ. ಸರಿಪಡಿಸಿದೆ.

ಯಾವುದಾದರೂ ಜಾಬ್ ಇನ್ನೂ ನನ್ನ ಹೆಸರಲ್ಲೇ ಉಳಿದಿದೆಯೇ ಎಂದು ಪರೀಕ್ಷಿಸಲು ರಾತ್ರಿಯೇ ನನ್ನ ಲಾಗಿನ್ ಮುಚ್ಚಿಸಿ, ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕುಳಿತೆ. ಆರೂವರೆಯಾಯಿತು, ಏಳಾಯಿತು, ಒಂದು ಫೋನೂ ಇಲ್ಲ. ತಡೆಯಲಾರದೆ ನಾನೇ ಯೋಗೀಶನಿಗೆ ಮಾಡಿದೆ.

“ಪಟ್ಟಿ ಆರಕ್ಕೇ ಬಂತು ಮೇಡಂ, ಹಿರೇನಲ್ಲೂರಲ್ಲಿದೀನಿ. ಕೈಯೆಲ್ಲ ಸಗಣಿ, ಇಡ್ಲಾ?”

ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ಒಂದು ಗಳಿಗೆ ಪಿಚ್ಚೆನಿಸಿತು. ಆಮೇಲೆ ಕಾಫಿಗೆ ಇಟ್ಟೆ. ನಮ್ಮನ್ನು ಯಾರೂ ನೆನೆಯದ ಬೆಳಗೇ ನಮ್ಮ ವೃತ್ತಿಯಲ್ಲಿ ಒಳ್ಳೆಯ ಬೆಳಗು ಎಂಬುದನ್ನು ಅಂದು ಕಲಿತೆ.